ಮಡಿ ಕಿಟಕಿ

ಸೊಹಾರ್ ಬಂದರಿನ ಕಚೇರಿ, ಮೂರನೇ ಮಹಡಿ,
ರಾತ್ರಿ ಎರಡು ನಲವತ್ತು. ಹೊರಗೆ ಉಪ್ಪು ಹಬೆ,
ಗಾಜಿನ ಹೊರಮೈ ಬೆವರುತ್ತದೆ; ಒಳಗೆ ನಾನು ಶಾಲು ಹೊದ್ದು
ಒಂದೇ ಪರೀಕ್ಷೆಯನ್ನು ಹದಿನೇಳನೇ ಸಲ ಓಡಿಸುತ್ತೇನೆ.

ಪರದೆಯ ಎಡಭಾಗ ಹಳೆಯದು. ವಜ್ದಿ ಎಂಬ ಈಜಿಪ್ಟಿನವ
ಇಪ್ಪತ್ತು ವರ್ಷದ ಹಿಂದೆ ಬರೆದು, ಒಂದು ಸಾಲು ಟಿಪ್ಪಣಿಯೂ ಇಡದೆ ಹೋದ.
ಬೂದು ಗುಂಡಿಗಳು, ಹಡಗಿನ ಪಟ್ಟಿ, ಧಕ್ಕೆಯ ನಂಬರು.
ಬಲಭಾಗ ಹೋದ ವರ್ಷದ್ದು: ನೀಲಿ ನಕಾಶೆ,
ಬೆರಳಿಟ್ಟರೆ ಹಿಗ್ಗುವ ಕಡಲು.
ಎರಡು ಅಂಗಡಿಯ ಬಟ್ಟೆ ತಂದು ಒಂದೇ ಅಂಗಿ ಹೊಲಿದಂತೆ;
ಹೊಲಿಗೆ ಎಲ್ಲಿದೆಯೆಂದು ತೊಟ್ಟವನಿಗೆ ಗೊತ್ತಾಗದು,
ಒಗೆಯುವವಳಿಗೆ ಗೊತ್ತು.

ನಾನು ಒಗೆಯುವವಳು.

ಕೈಯಿಂದ ಒತ್ತಿದರೆ ಗುಂಡಿ ಸುಮ್ಮನೆ ಒತ್ತಿಸಿಕೊಳ್ಳುತ್ತದೆ.
ನನ್ನ ಪರೀಕ್ಷೆ ಒತ್ತಿದರೆ ಕೆಂಪು ಸಾಲು:
ಈ ಎಳೆಗೆ ಇಲ್ಲಿ ಪ್ರವೇಶವಿಲ್ಲ.
ಹಳೆಯ ಕಿಟಕಿಗೆ ಮಡಿ. ತನ್ನನ್ನು ಹುಟ್ಟಿಸಿದ ಎಳೆಯೊಂದೇ
ಮುಟ್ಟಬೇಕು. ಒದ್ದೆ ಸೀರೆ ಉಟ್ಟು ಒಲೆ ಮುಂದೆ ನಿಂತ
ನನ್ನ ದೊಡ್ಡತ್ತೆಯ ಹಾಗೆ: ದೂರ, ದೂರ,
ಏನು ಬೇಕೋ ಅಲ್ಲಿಂದಲೇ ಹೇಳು.
ಹೊಸ ನಕಾಶೆಗೂ ಮಡಿ ಇದೆ, ಅದರದು ಬೇರೆ ಒಲೆ.
ಪರೀಕ್ಷೆಯೋ ಮೂರನೆಯ ಎಳೆ,
ಎರಡೂ ಅಡುಗೆಮನೆಗೆ ಮೈಲಿಗೆ.

ಸರಿ, ಹೊಸ್ತಿಲಲ್ಲೇ ನಿಂತು ಚೀಟಿ ಕಳಿಸಿದೆ:
ಈ ಗುಂಡಿ ಒತ್ತು, ಒತ್ತಿದ್ದಾಯಿತು ಅನ್ನುವತನಕ ಕಾಯುತ್ತೇನೆ.
ಕೆಂಪು ಹೋಯಿತು. ಬದಲಿಗೆ ಮೌನ.
ಹಳೆಯದು ನಕಾಶೆಯನ್ನು ಕೇಳಿ ಕಾದಿದೆ,
ನಕಾಶೆ ಹಳೆಯದನ್ನು ಕೇಳಿ ಕಾದಿದೆ,
ನಾನು ಇಬ್ಬರನ್ನೂ.
ಕೆಂಪೇ ವಾಸಿ. ಅದು ಬಾಯಿಬಿಟ್ಟು ಬೈಯುತ್ತದೆ.

ಆಗ ಕೆಳಗಿನಿಂದ ಫೋನು. ಕ್ರೇನಿನ ದಿಲ್‌ಮುರಾದ್.
ನಿನ್ನೆ ಅವನ ಕ್ಯಾಬಿನ್ನಿನ ಪರದೆಯೂ ಹೀಗೇ ಹೆಪ್ಪುಗಟ್ಟಿತಂತೆ,
ಪೆಟ್ಟಿಗೆ ಹನ್ನೆರಡು ಮೀಟರು ಮೇಲೆ ತೂಗುತ್ತಿರುವಾಗ.
ವೇಳೆ, ಪೆಟ್ಟಿಗೆಯ ನಂಬರು, ಎಲ್ಲ ಬರೆದಿಟ್ಟಿದ್ದಾನೆ
ಸಿಗರೇಟು ಪ್ಯಾಕಿನ ಹಿಂಬದಿ.
ಓದಿ ಹೇಳು ಅಂದರೆ ಗಾಳಿಯಲ್ಲಿ ಅವನ ಬಿ ನನಗೆ ಡಿ.

ಇಳಿದು ಹೋದೆ. ಅವನ ಕಾರ್ಡು ಹಳದಿ, ಒಳಬಾಗಿಲಿಗೆ ಸಲ್ಲದು.
ನನ್ನದು ನೀಲಿ, ಅಂಗಳಕ್ಕೆ ಸಲ್ಲದು.
ಗಾಜಿನ ಎರಡು ಬದಿ ನಾವು, ಕೈ ಬೀಸುತ್ತ.

ನಡುವೆ ಸೋಮಲತಾ, ಬಕೆಟ್ಟು ತಳ್ಳಿಕೊಂಡು.
ಕೊರಳಲ್ಲಿ ನಾಲ್ಕು ಬಣ್ಣದ ಕಾರ್ಡು;
ಕೊಳೆ ಎಲ್ಲ ಕಡೆ ಆಗುತ್ತದಲ್ಲ.
ಅವನು ಕೊಟ್ಟ ಚೀಟಿಯನ್ನು ಏಪ್ರನ್ನಿನ ಜೇಬಿಗೆ ಹಾಕಿ
ಮತ್ತೆ ಒರೆಸತೊಡಗಿದಳು. ನಾನು ಗಾಜು ಬಡಿದೆ.
ಶ್ವಯ್ ಶ್ವಯ್, ಎಂದಳು ತಲೆಯೆತ್ತದೆ. ಮೊದಲು ಈ ಮೂಲೆ,
ಆಮೇಲೆ ಮೆಟ್ಟಿಲು, ಆಮೇಲೆ ನೀನು.
ದಿಲ್‌ಮುರಾದ್ ಕಾಯಲಿಲ್ಲ.
ಕೊಟ್ಟವನೇ ಕ್ರೇನು ಹತ್ತಲು ಹೊರಟೇ ಹೋಗಿದ್ದ.

ಹೊರಟೇ ಹೋಗಿದ್ದ!
ಮೇಲೆ ಓಡಿ ಒಂದು ಸಾಲು ಬದಲಿಸಿದೆ:
ಚೀಟಿ ಹಾಕು, ನಿಲ್ಲಬೇಡ, ಆಗಾಗ ಬಂದು ನೋಡು.
ಹಸಿರು. ಇನ್ನೊಮ್ಮೆ, ಹಸಿರು. ನಂಬದೆ ಮೂವತ್ತು ಸಲ.
ಇಪ್ಪತ್ತೊಂಬತ್ತು ಹಸಿರು. ಒಂದು ಯಾಕೋ ಬೂದು,
ಅದು ನಾಳೆಯ ಪಾಳಿಗೆ.

ಚೀಟಿ ಬಂದದ್ದು ಐದಕ್ಕೆ, ಒಂದಂಚು ನೆನೆದು,
ಅಂಕಿಗಳು ನೆಟ್ಟಗಿದ್ದವು.
ಬೆಳಿಗ್ಗೆ ತುರಯ್ಯಾ ಕೇಳುತ್ತಾಳೆ, ಎಳೆ ಎಳೆಯಾಗಿ ಬಿಡಿಸಿ ಹೇಳು.
ಹೇಳಬಲ್ಲೆ, ಸೋಮಲತಾಳ ಹೆಸರೊಂದು ಬಿಟ್ಟು;
ವರದಿಯ ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲ.

ಏಳಕ್ಕೆ ಕಾರ್ಡು ತೋರಿದೆ, ಬಾಗಿಲು ಹಸಿರು ಮಿನುಗಿ ತೆರೆಯಿತು.
ಮುಂದೆ ನೆಲ ಒದ್ದೆ, ಈಗಷ್ಟೇ ಒರೆಸಿದ್ದು.
ಆ ತುದಿಯಲ್ಲಿ ಅವಳು, ಮಗುಚಿದ ಬಕೆಟ್ಟಿನ ಮೇಲೆ ಕೂತು
ಬನ್ನು ತಿನ್ನುತ್ತಿದ್ದಾಳೆ.
ಚಪ್ಪಲಿ ಕೈಯಲ್ಲಿ ಹಿಡಿದು ನಿಂತೆ,
ಒಣಗಲಿ.